ಅತಿ ದೊಡ್ಡ ಸೋರಿಕೆ

ನೀರಗಂಟಿ ತನ್ನ ಕಬ್ಬಿಣದ ಸರಳನ್ನು ಬೇರೆಯವರ ಕೈಗೆ ಕೊಟ್ಟಿದ್ದು ಅದೇ ಮೊದಲು. ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಮೂವತ್ತೆಂಟು ವರ್ಷ ಅವನು ಊರಿನ ನೀರನ್ನು ನೋಡಿದ್ದೇ ಹೀಗೆ, ಕಿವಿಯಿಂದ. ಬೆಳಗಿನ ಮಂಜು ಇನ್ನೂ ಬೀದಿಯಲ್ಲೇ ಮಲಗಿತ್ತು. ಕಂಪನಿಯ ಇಂಜಿನಿಯರಮ್ಮ ಗೋಡೆಯೊಂದರ ಬುಡದಲ್ಲಿ ಮೊಣಕಾಲೂರಿ ಸರಳಿಗೆ ಕಿವಿಯಿಟ್ಟಳು.

"ಕಣ್ಣು ಮುಚ್ಕೊಳ್ಳಿ ತಾಯಿ," ಅಂದ. "ಕಣ್ಣು ತೆರೆದಿದ್ರೆ ಕಿವಿ ಸೋಮಾರಿ ಆಗುತ್ತೆ."

ಊರಿನ ನೀರನ್ನು ನಗರಸಭೆಯೂ ಕಂಪನಿಯೂ ಜೊತೆಯಾಗಿ ನೋಡಿಕೊಳ್ಳಲು ಶುರುಮಾಡಿ ಆರು ತಿಂಗಳಾಗಿತ್ತು. ಕೊಳವೆಗಳ ಹಳೆಯ ನಕ್ಷೆ ಗೆದ್ದಲಿನ ಹೊಟ್ಟೆ ಸೇರಿದ್ದರಿಂದ, ಅವನ ತಲೆಯಲ್ಲಿದ್ದುದನ್ನೆಲ್ಲ ಅವಳು ತನ್ನ ಯಂತ್ರಕ್ಕೆ ಇಳಿಸಿಕೊಳ್ಳುತ್ತಿದ್ದಳು. ಉಳಿದದ್ದು ಈ ಗೋಡೆಯ ಹಿಂದಿನ ಓಣಿ ಒಂದೇ. ಇಪ್ಪತ್ತು ಮನೆ, ಒಂದು ನಲ್ಲಿ. ಯಾವ ಪುಸ್ತಕದಲ್ಲೂ ಇರದ ನಲ್ಲಿ. ಹಿಂದಿನ ಸಾಹೇಬರೊಬ್ಬರು ನೀರು ಕೊಡು, ಬರೆಯೋಕೆ ಹೋಗಬೇಡ ಅಂದಿದ್ದರು, ಇವನು ಕೊಟ್ಟಿದ್ದ. ಆಮೇಲೆ ಬಂದ ಸಾಹೇಬರಿಗೆಲ್ಲ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ಈಗ ಪುಸ್ತಕದಲ್ಲಿ ಇರದ ನೀರೆಲ್ಲ ಸೋರಿಕೆ ಎಂಬ ಹೊಸ ನಿಯಮ ಬಂದಿತ್ತು. ಸೋರಿಕೆ ಅಂದಮೇಲೆ ಮುಚ್ಚಲೇಬೇಕು. ನಮ್ಮ ನಲ್ಲಿಯನ್ನು ಬರೆದುಕೊಳ್ಳಿ ಎಂಬ ಓಣಿಯವರ ಅರ್ಜಿ ಹಿಡಿದು ಅವನು ನಗರಸಭೆಗೆ ಹೋಗಿದ್ದ. ಅದೀಗ ಕಂಪನಿ ಕೆಲಸ ಅಂದರು. ಕಂಪನಿಗೆ ಹೋದ, ಅದು ಸರ್ಕಾರದ ತೀರ್ಮಾನ ಅಂದರು. ಎರಡೂ ಒಂದೇ ಕಟ್ಟಡದಲ್ಲಿ, ಅಕ್ಕಪಕ್ಕದ ಕಿಟಕಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ. ಕಾಗದ ಓದದವರು ಸದ್ದನ್ನಾದರೂ ಕೇಳಿಯಾರು ಅಂದುಕೊಂಡೇ ಇವತ್ತು ಸರಳನ್ನು ಅವಳ ಕೈಗೆ ಕೊಟ್ಟಿದ್ದ. ಒಮ್ಮೆ ಕೇಳಿದ ಮೇಲೆ ಅದನ್ನು ಸೋರಿಕೆ ಅನ್ನಲು ಯಾರಿಗೆ ತಾನೇ ಬಾಯಿ ಬಂದೀತು.

ಅವಳು ಬಹಳ ಹೊತ್ತು ಕೇಳಿದಳು. ನೆಲದೊಳಗೆ ನೀರು ಮಲಗಿದವರ ಉಸಿರಿನ ಹಾಗೆ ಮೆಲ್ಲಗೆ ಬಂದು, ಗೋಡೆಯ ಹತ್ತಿರ ಮಗ್ಗುಲು ಬದಲಿಸಿ, ಎಲ್ಲೋ ಒಂದು ಕೊಡಕ್ಕೆ ಬೀಳುತ್ತಿತ್ತು. ಕೊಡ ತುಂಬುತ್ತ ಬಂದಂತೆ ದನಿ ಸಣ್ಣಗಾಗಿ ಮೇಲೇರಿ, ನಿಂತು, ಇನ್ನೊಂದು ಕೊಡದ ತಳದಿಂದ ಮತ್ತೆ ಶುರುವಾಗುತ್ತಿತ್ತು.

"ಯಾರೋ ಹಾಡ್ತಿರೋ ಹಾಗಿದೆ ತಾತ," ಅಂದಳು, ಕಣ್ಣು ಮುಚ್ಚಿಕೊಂಡೇ.

ಅವನ ಎದೆಯ ಭಾರ ಇಳಿಯಿತು. ಅವಳು ಎದ್ದು ಯಂತ್ರದಲ್ಲಿ ಏನೋ ಒತ್ತಿ, ಸರಳನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟಳು. ಏನು ಒತ್ತಿದಿರಿ ಎಂದು ಅವನು ಕೇಳಲಿಲ್ಲ.

ನಾಲ್ಕನೆಯ ದಿನ ಓಣಿಯ ನಲ್ಲಿ ನಿಂತಿತು. ಐದನೆಯ ದಿನ ಅವನಿಗೊಂದು ಕಾಗದ ಬಂತು. ತನ್ನ ಹೆಸರಿನಾಚೆ ಅವನಿಗೆ ಅಕ್ಷರ ಬಾರದು. ಅವನ ಕಾಗದಗಳನ್ನು ಮೊದಲಿನಿಂದಲೂ ಓದಿಹೇಳುತ್ತಿದ್ದವಳು ಅದೇ ಓಣಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ನೀರು ತಿರುಗಿ ಬಿಡಿ ಎಂಬ ಆದೇಶವೇ ಇರಬೇಕೆಂದು, ಕಾಗದವನ್ನು ಮುಷ್ಟಿಯಲ್ಲಿ ಮುದುರಿಕೊಂಡು ಬಿರಬಿರನೆ ಬಂದ.

ಇಸ್ತ್ರಿಯವಳು ಮೊದಲು ತನ್ನಷ್ಟಕ್ಕೆ ಓದಿಕೊಂಡಳು. ಆಮೇಲೆ ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದಳು. ಊರಿನ ಅತಿ ದೊಡ್ಡ ಸೋರಿಕೆಯನ್ನು ಪತ್ತೆಹಚ್ಚಿಕೊಟ್ಟದ್ದಕ್ಕಾಗಿ ನಗರಸಭೆಯೂ ಕಂಪನಿಯೂ ಕೂಡಿ ಅವನನ್ನು ಅಭಿನಂದಿಸಿದ್ದವು.



"ಎರಡೂ ಸೀಲು ಬಿದ್ದಿದೆ ಅಣ್ಣಾ," ಅಂದಳು. "ಜೋಪಾನವಾಗಿ ಇಟ್ಕೋ."

ಮುದುರಿದ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಚಿಮುಕಿಸಲೆಂದು ಅವಳ ಕೈ ಅಭ್ಯಾಸದಂತೆ ಪಕ್ಕದ ಬಟ್ಟಲಿಗೆ ಹೋಯಿತು, ಒಣಗಿದ ತಳ ಮುಟ್ಟಿ ಹಿಂದಕ್ಕೆ ಬಂತು. ಬರೀ ಬಿಸಿಯಲ್ಲೇ ಇಸ್ತ್ರಿ ಎಳೆದಳು.