ಗೋಡೆಯಾಚೆಯ ಸದ್ದು

ಸೊಸೆ ಯಂತ್ರ ನಿಲ್ಲಿಸುವಷ್ಟರಲ್ಲಿ ಗೋಡೆಯಾಚೆಯಿಂದ ಅತ್ತೆಯ ದನಿ ಬಂತು.

“ಏನೋ ಅದು? ಒಂದೇ ಸಲಕ್ಕೆ ಅಷ್ಟು ಕೀಸೋಕೆ ಅದೇನು ಸೌತೆಕಾಯಿನಾ?”

ಶೆಡ್ಡಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. “ಆಯ್ತಮ್ಮಾ, ಕಮ್ಮಿ ಮಾಡ್ತೀನಿ!” ಎಂದು ಕೂಗಿದ. ಅವನ ಕೆಲಸ ಅಷ್ಟೇ, ಕೂಗುವುದು.

ಉಳಿದದ್ದೆಲ್ಲ ಅವಳದು. ತೂತು ಕೊರೆಯುವ ಆಳೆತ್ತರದ ಡ್ರಿಲ್ ಯಂತ್ರ ಅದು. ಕೊರೆಯುವ ಮೊನೆ ತೆಗೆದು ಆ ಜಾಗಕ್ಕೆ ಮೂರು ಹಲ್ಲಿನ ಉಕ್ಕಿನ ಬಿಲ್ಲೆ ಸಿಕ್ಕಿಸಿದರೆ, ಅದರ ಅಡಿಯಲ್ಲಿ ತಳ್ಳಿದ ಹಲಗೆಯ ಮೈಯನ್ನು ಕೀಸುತ್ತಾ ಹೋಗುತ್ತದೆ. ಕಳೆದ ಬೇಸಿಗೆಯಲ್ಲಿ ಗಂಡ ಅವಸರಪಟ್ಟು ಹಲಗೆಯನ್ನು ಬರಿಗೈಯಲ್ಲಿ ತಳ್ಳಿದ್ದ. ಹಲಗೆ ಜಾರಿತು, ಕೈ ಮುಂದೆ ಹೋಯಿತು. ಬಲಗೈಯಲ್ಲಿ ಈಗ ಉಳಿದಿರುವುದು ಹೆಬ್ಬೆರಳು ಮಾತ್ರ. ಬಿಲ್ಲೆ ತಿರುಗತೊಡಗಿದರೆ ಸಾಕು, ಅವನಿಗೆ ಮೈಯೆಲ್ಲ ನಡುಕ.

ಆಗ ಅತ್ತೆ ಮಗಳ ಮನೆಯಲ್ಲಿದ್ದರು. ಗಾಯ ಮಾಗಿದ ಮೇಲೆ ಬಂದರು. ಅವರ ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. ಹೃದಯವೂ ಸೋತಿತ್ತು. ಮನಸ್ಸಿಗೆ ಆಘಾತವಾಗುವಂಥದ್ದೇನೂ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಬೆರಳು ಹೋದದ್ದು ಗೊತ್ತಾದರೆ ಅಮ್ಮ ಉಳಿಯುವುದಿಲ್ಲ ಎಂದು ಗಂಡಹೆಂಡಿರು ಅಂದೇ ಬಾಯಿಗೆ ಬೀಗ ಹಾಕಿಕೊಂಡರು.

ಆದರೆ ಅತ್ತೆಯ ಕಿವಿಗೆ ವಯಸ್ಸಾಗಿರಲಿಲ್ಲ. ತೀರಿಹೋದ ಮಾವ ಇದೇ ಶೆಡ್ಡಿನ ಬಡಗಿ. ಅವರು ಕೀಸಿ ಕೊಟ್ಟ ಹಲಗೆಗಳನ್ನೆಲ್ಲ ಪಕ್ಕದಲ್ಲೇ ಕೂತು ಉಜ್ಜಿ ನುಣುಪು ಮಾಡುತ್ತಿದ್ದವರು ಅತ್ತೆ. ಯಂತ್ರ ಕೆಮ್ಮಿದರೂ ಅವರಿಗೆ ಕಾರಣ ಗೊತ್ತು.

ಆ ದಿನ ಊಟಕ್ಕೆ ಕೂತಾಗಲೂ ಬಿಡಲಿಲ್ಲ.

“ನಿನ್ನ ಗಂಡನಿಗೆ ಹೇಳು. ಯಂತ್ರ ಗಡಗಡ ಅಂತಿದೆ. ಪಕ್ಕದ ತಿರುಪು ಬಿಗಿ ಮಾಡಿಲ್ಲ. ಬಿಲ್ಲೆ ತಾನಾಗೇ ಕೆಳಗಿಳಿದುಬಿಡುತ್ತೆ.”

“ಇಲ್ಲೇ ಕೂತಿದ್ದಾರಲ್ಲ ಅತ್ತೆ, ನೀವೇ ಹೇಳಿ.”

“ಅವನು ಯಾವತ್ತು ನನ್ನ ಮಾತು ಕೇಳಿದ್ದಾನೆ? ನೀನೇ ಹೇಳು. ಬಿಲ್ಲೆ ತಿರುಗೋ ದಿಕ್ಕಿಗೆ ಎದುರಾಗಿ ತಳ್ಳಬೇಕು ಅಂತಾನೂ ಹೇಳು. ಜೊತೆಗೆ ಹೋದ್ರೆ ಹಲಗೆಯನ್ನ ಕಿತ್ಕೊಂಡು ಹೋಗುತ್ತೆ.”

ಗಂಡ ಎಡಗೈಯಲ್ಲಿ ತುತ್ತು ಕಲಸುತ್ತಾ ಕೂತಿದ್ದ.

ಮರುದಿನ ಸೊಸೆ ತಿರುಪು ಬಿಗಿ ಮಾಡಿದಳು, ಎದುರು ದಿಕ್ಕಿಗೆ ತಳ್ಳಿದಳು. ಹಲಗೆ ಕನ್ನಡಿಯಂತೆ ಬಂತು. ಖುಷಿಪಡುವ ಬದಲು ಅವಳು ಗೋಡೆಯತ್ತ ನೋಡಿದಳು. ತಿರುಪು ಸಡಿಲವಾದದ್ದು ಕೇಳಿಸಿದವರಿಗೆ ಕೈ ಬದಲಾದದ್ದು ಕೇಳಿಸದೆ ಇದ್ದೀತೇ?

ಇಷ್ಟು ಸಾಲದೆಂಬಂತೆ ಒಂದು ಸಾಮಾನು ಬೇರೆ ಮಾಯವಾಗಿತ್ತು. ಹಲಗೆ ತಳ್ಳಲು ಮಾವನ ಕಾಲದ ಮರದ ಹಿಡಿಯೊಂದಿತ್ತು. ಅವಳ ಪುಟ್ಟ ಅಂಗೈಗೆ ದಪ್ಪವಾಗಿ ಜಾರುತ್ತಿತ್ತು, ನಿಜ. ಈಗ ಅದು ಕಾಣದು. ಹೊಟ್ಟಿನ ಜೊತೆ ಗುಡಿಸಿ ಹಾಕಿಬಿಟ್ಟೆನೇನೋ ಎಂದು ತನ್ನನ್ನೇ ಬೈದುಕೊಂಡು, ಸಿಕ್ಕಿದ ಮರದ ತುಂಡಿನಿಂದ ತಳ್ಳತೊಡಗಿದಳು.

ಸಂಜೆ ಅತ್ತೆ ಕರೆದರು. “ನನ್ನ ಊರುಗೋಲಿನ ಹಿಡಿ ಕೈಗೆ ಚುಚ್ಚುತ್ತೆ ಕಣೇ. ಮರ ಉಜ್ಜೋ ಉಪ್ಪುಕಾಗದ ಒಂದು ಚೂರು ಕೊಡು.”

“ನಿನ್ನೆ ಕೊಟ್ಟೆನಲ್ಲ? ಹೀಗೇ ಉಜ್ಜಿದ್ರೆ ಕೋಲೇ ಸವೆದುಹೋಗುತ್ತೆ.”

“ಸವೀಲಿ ಬಿಡು. ಎಲ್ಲಿ, ಕೈ ಕೊಡು, ಏಳಬೇಕು.”

ಎದ್ದು ನಿಂತ ಮೇಲೂ ಅತ್ತೆ ಕೈ ಬಿಡಲಿಲ್ಲ. ಅವರ ಹೆಬ್ಬೆರಳು ಅವಳ ಅಂಗೈಯ ಅಗಲಕ್ಕೂ ಒಮ್ಮೆ ಹರಿದು ಬಂತು.

“ಕೈಯೆಲ್ಲ ಒರಟಾಗಿದೆಯಲ್ಲೇ.”

“ಪಾತ್ರೆ ತಿಕ್ಕಿ ತಿಕ್ಕಿ, ಅತ್ತೆ.”

“ಹೂಂ. ತುಂಬಾನೇ ತಿಕ್ತೀಯ ನೀನು.” ಅತ್ತೆ ಕೈ ಬಿಟ್ಟರು. “ನಾಳೆ ನಾನೇ ಶೆಡ್ಡಿಗೆ ಬರ್ತೀನಿ. ಅವನು ಕೆಲಸ ಮಾಡೋ ಚೆಂದ ನೋಡ್ಬೇಕು.”

ಆ ರಾತ್ರಿ ಇಬ್ಬರಿಗೂ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೇಡ ಅನ್ನೋಣವೇ? ಅಂದರೆ ಇನ್ನಷ್ಟು ಅನುಮಾನ. ಕೊನೆಗೆ ಗಂಡ ಯಂತ್ರದ ಪಕ್ಕವೇ ನಿಂತು ಮಾತಾಡುವುದು, ಅವಳು ಉಸಿರು ಬಿಗಿಹಿಡಿದು ಹಲಗೆ ತಳ್ಳುವುದು ಎಂದಾಯಿತು. ಮಂಜುಗಣ್ಣಿಗೆ ಎರಡು ನೆರಳು ಒಂದಾಗಿ ಕಂಡರೆ ಬಚಾವು.

ಬೆಳಿಗ್ಗೆ ಅತ್ತೆ ಗೋಡೆ ಸವರುತ್ತಾ ಬಂದು ಸ್ಟೂಲಿನ ಮೇಲೆ ಕೂತರು. ಸೊಸೆ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದಳು. ಗೆರೆಯೆಲ್ಲ ಅಳಿಸಿಹೋದರೆ ಮೈ ಸಮವಾಯಿತೆಂದು ಅರ್ಥ. ಬಿಲ್ಲೆ ಕೂಗಿತು. ಗಂಡ ಪಕ್ಕದಲ್ಲಿ ನಿಂತ.

“ನೋಡಮ್ಮಾ, ತಳ್ತಾ ಇದ್ದೀನಿ,” ಎಂದ.

“ಹೂಂ, ಕೇಳಿಸ್ತಾ ಇದೆ.”

ಗೆರೆಗಳು ಒಂದೊಂದಾಗಿ ಮಾಯವಾದವು. ಅವಳ ಕೈಯಲ್ಲಿದ್ದ ಮರದ ತುಂಡು ಒಮ್ಮೆ ಜಾರಿತು. ಅವಳ ಬೆರಳು ಬಿಲ್ಲೆಯ ಸಮೀಪ ಹೋಗಿ ಹಿಂದೆ ಬಂತು. ಅತ್ತೆ ಸ್ಟೂಲಿನಲ್ಲೇ ಬೆಚ್ಚಿದರು. ಯಂತ್ರ ನಿಂತಿತು.

ಅತ್ತೆ ಎದ್ದರು. ಗಂಡ ಓಡಿಬಂದು, ಅವರ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತು, ಎಂದಿನಂತೆ ಎಡಗೈ ಚಾಚಿದ.

“ನೀನು ಪಕ್ಕಕ್ಕೆ ಸರಿ,” ಎಂದರು ಅತ್ತೆ. ನೇರವಾಗಿ ಸೊಸೆಯ ಬಳಿ ಹೋದರು. ಸೆರಗಿನ ಮರೆಯಿಂದ ಏನನ್ನೋ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಮಾವನ ಹಿಡಿ. ಸುತ್ತಲೂ ಉಜ್ಜಿ ಸಣ್ಣದು ಮಾಡಿದ್ದ ಹಿಡಿ, ಅವಳ ಕೈಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಇನ್ಮೇಲೆ ಇದರಿಂದಲೇ ತಳ್ಳು, ಮಗಳೇ. ಇವನ ಹಾಗೆ ಅವಸರ ಮಾಡ್ಬೇಡ.”