ಹಿಂದಿನ ಸೀಟು

"ಫ್ರೀ ಚಾರ್ಜಿಂಗ್ ಬೇಕು ಅಂದ್ರೆ ಓನರೇ ಗಾಡಿ ಓಡಿಸ್ಕೊಂಡು ಬರ್ಬೇಕು," ಎಂದಳು ಚಾರ್ಜಿಂಗ್ ನಿಲ್ದಾಣದ ಮೇಲ್ವಿಚಾರಕಿ, ಕನ್ನಡಕದ ಮೇಲಿನಿಂದ ಕಾರಿನೊಳಗೆ ಇಣುಕುತ್ತಾ. "ಪಕ್ಕದಲ್ಲಿ ಕೂತ್ಕೊಂಡು ಬಂದ್ರೆ ನಡೆಯಲ್ಲ."

ಓನರ್ ಪಕ್ಕದಲ್ಲೇ ಕೂತಿದ್ದಳು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಹೆಂಗಸಿನ ಹೆಸರಿನಲ್ಲಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡರೆ ತೆರಿಗೆ ಮಾಫಿ, ಹೆಂಗಸೇ ಓಡಿಸಿದರೆ ಒಂದು ವರ್ಷ ಚಾರ್ಜಿಂಗ್ ಪುಕ್ಕಟೆ ಎಂದು ನಗರಸಭೆ ಸಾರಿತ್ತು. ಗಂಡ ಹಳೆಯ ಡೀಸೆಲ್ ಟ್ಯಾಕ್ಸಿ ಮಾರಿ ಅವಳ ಹೆಸರಿನಲ್ಲಿ ಹೊಸದನ್ನು ತಂದಿದ್ದ. ತೆರಿಗೆಗೆ ಬರಿಯ ಹೆಸರು ಸಾಕಾಗಿತ್ತು; ಚಾರ್ಜಿಂಗಿಗೂ ಸಾಕಾದೀತೆಂದು ಅವಳನ್ನು ಸಾಕ್ಷಿಗೆ ಕೂರಿಸಿಕೊಂಡು ಬಂದಿದ್ದ.

"ಅವಳ ಹೆಸರಾದ್ರೇನು, ನನ್ನ ಹೆಸರಾದ್ರೇನು? ಗಂಡ ಹೆಂಡ್ತಿ ಅಂದ್ಮೇಲೆ ಎರಡೂ ಒಂದೇ ಅಲ್ವಾ?"

"ಒಂದೇ ಆಗಿದ್ರೆ ತೆರಿಗೆ ನೀವೇ ಕಟ್ಬೇಕಿತ್ತು," ಎಂದು ಮೇಲ್ವಿಚಾರಕಿ ಮುಂದಿನ ಗಾಡಿಯ ಕಡೆ ಹೋದಳು.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಹಾರ್ನಪ್ಪ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅಂದು ಮನೆ ಸೇರುವತನಕ ನಾಯಿ ಅಡ್ಡ ಬಂದರೂ ಹಾರ್ನು, ಬರದಿದ್ದರೂ ಹಾರ್ನು. ಬಾಗಿಲ ಮುಂದೆ ಕಾರು ನಿಂತಾಗ ಅವಳು ಇಳಿಯಲಿಲ್ಲ.

"ನಂಗೆ ಓಡ್ಸೋದು ಕಲಿಸಿ."

"ನಿಂಗಾ? ಇದೇನು ಸೂಜಿಗೆ ದಾರ ಪೋಣಿಸಿದಷ್ಟು ಸುಲಭ ಅಂದ್ಕೊಂಡ್ಯಾ?"

"ಸೂಜಿಗೆ ದಾರ ಪೋಣಿಸೋದು ಸುಲಭ ಅಂತ ನಿಮಗ್ಯಾರು ಹೇಳಿದ್ರು?"

ಭಾನುವಾರ ಬೆಳಿಗ್ಗೆ, ಮುಚ್ಚಿಹೋದ ಗೋದಾಮಿನ ಹಿಂದಿನ ಬಯಲಿನಲ್ಲಿ ಪಾಠ ಶುರುವಾಯಿತು. ಹೊಲಿಗೆ ಯಂತ್ರದ ಪೆಡಲು ತುಳಿದು ಪಳಗಿದ ಕಾಲು ಅವಳದು. ಎಷ್ಟು ಒತ್ತಿದರೆ ಎಷ್ಟು ಓಡೀತು ಎಂಬುದನ್ನು ಆ ಕಾಲಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೇರಿಲ್ಲ, ಕ್ಲಚ್ಚಿಲ್ಲ, ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ತೊಂದರೆಯೆಲ್ಲ ಗುರುವಿನದು. ಗಾಡಿಗೆ ಬ್ರೇಕಿತ್ತು, ಅವನ ಬಾಯಿಗಿರಲಿಲ್ಲ.

"ತಿರುಗ್ಸು! ಅಯ್ಯೋ, ಆ ಕಡೆ ಅಲ್ಲ! ಕಣ್ಣು ಮನೇಲಿ ಬಿಟ್ಟು ಬಂದಿದ್ಯಾ?"

ಎರಡು ವಾರ ತಡೆದುಕೊಂಡಳು. ಮೂರನೆಯ ವಾರ ಬಯಲಿನ ನಟ್ಟನಡುವೆ ಕಾರು ನಿಲ್ಲಿಸಿ ಇಳಿದಳು. ಬಿರಬಿರನೆ ಸುತ್ತಿ ಬಂದು, ಹಿಂದಿನ ಬಾಗಿಲು ತೆಗೆದು ಕೂತಳು.

"ಏನಿದು ನಿನ್ನ ನಾಟಕ?"

"ಮನೆಗೆ ಬಿಡಿ. ನಾನೀಗ ಕಸ್ಟಮರ್ರು. ಕಸ್ಟಮರ್ ಹತ್ರ ನೀವು ಹೀಗೆ ಮಾತಾಡಲ್ವಲ್ಲ."

ಅವನು ಇಳಿದು ಬಂದು ಡ್ರೈವರ್ ಸೀಟಿನಲ್ಲಿ ಕೂತ. ದಿನವಿಡೀ ಹಿಂದಿನ ಸೀಟಿನವರಿಗೆ ಸಾರ್, ಮೇಡಂ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಸ್ಟೇರಿಂಗ್ ಹಿಡಿದವನ ಕಿವಿಯ ತುದಿ ಕೆಂಪಾದದ್ದು ಹಿಂದಿನಿಂದ ಅವಳಿಗೆ ಚೆನ್ನಾಗಿ ಕಂಡಿತು. ದಾರಿಯಲ್ಲಿ ಒಮ್ಮೆಯೂ ಹಾರ್ನು ಕೇಳಿಸಲಿಲ್ಲ.

ಮುಂದಿನ ಭಾನುವಾರ ಬಯಲು ತಲುಪಿದ್ದೇ ಅವನು ಇಳಿದು, ತಾನೇ ಹಿಂದಿನ ಸೀಟಿನಲ್ಲಿ ಹೋಗಿ ಕೂತ. "ಎಲ್ಲಿಗಾದ್ರೂ ನಡೀರಿ ಮೇಡಂ, ನಂಗೇನೂ ಅರ್ಜೆಂಟಿಲ್ಲ," ಎಂದ. ಅಲ್ಲಿ ಕೂತದ್ದೇ ತಡ, ಅವನ ನಾಲಿಗೆಯೇ ಬೇರೆಯಾಯಿತು. "ಸ್ವಲ್ಪ ಬಲಕ್ಕೆ ಮೇಡಂ... ಆ ಕಂಬ ನಮ್ದಲ್ಲ, ಸರ್ಕಾರದ್ದು." ಅವಳಿಗೆ ನಗು ತಡೆಯಲಾಗದೆ ಕಾರು ಕಂಬಕ್ಕೆ ಗೇಣಿನಷ್ಟು ದೂರದಲ್ಲಿ ನಿಂತಿತು. ಅವನೂ ನಕ್ಕ. ಮನೆಗೆ ಬಂದ ಮೇಲೂ ತಟ್ಟೆಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಕ್ಕರು.

ಲೈಸೆನ್ಸು ಕೈಗೆ ಬಂದ ಮರುದಿನ ಅವಳೇ ಕಾರು ತೆಗೆದುಕೊಂಡು ಚಾರ್ಜಿಂಗ್ ನಿಲ್ದಾಣಕ್ಕೆ ಹೊರಟಳು. ನಸುಕಿನಲ್ಲೇ ಒಂದು ಬಾಡಿಗೆ ಮುಗಿಸಿ ಬಂದಿದ್ದ ಅವನು ರೂಢಿಯಂತೆ ಹಿಂದೆ ಕೂತಿದ್ದ. ಮಾರುಕಟ್ಟೆಯ ತಿರುವಿನಲ್ಲಿ "ಲಾರಿ ಇದೆ, ನೋಡ್ಕೊಳಿ ಮೇಡಂ" ಎಂದ. ಸೇತುವೆ ಏರುವಾಗ "ಪರವಾಗಿಲ್ಲ" ಎಂದ. ಸೇತುವೆ ಇಳಿದ ಮೇಲೆ ಮಾತೇ ಇಲ್ಲ. ಏನು ತಪ್ಪು ಮಾಡಿದೆನೋ ಎಂದುಕೊಂಡಳು. ಕನ್ನಡಿಯಲ್ಲಿ ನೋಡಿದಳು.

ಅವನು ನಿದ್ದೆ ಹೋಗಿದ್ದ. ತಲೆ ಗಾಜಿಗೆ ಒರಗಿತ್ತು, ಬಾಯಿ ಒಂದಿಷ್ಟು ತೆರೆದಿತ್ತು, ಅಂಗೈಗಳು ತೊಡೆಯ ಮೇಲೆ ಬಿಚ್ಚಿಕೊಂಡಿದ್ದವು. ಬಸ್ಸಿನಲ್ಲಿ ಕೂತರೂ ಡ್ರೈವರನ ಪರವಾಗಿ ತಾನೇ ಬ್ರೇಕು ತುಳಿಯುತ್ತಾ ಹೋಗುವ ಮನುಷ್ಯ! ಇನ್ನೊಬ್ಬರು ಗಾಡಿ ಓಡಿಸುವಾಗ ಅವನು ಕಣ್ಣು ಮುಚ್ಚಿದ್ದನ್ನು ಇಷ್ಟು ವರ್ಷಗಳಲ್ಲಿ ಅವಳು ನೋಡಿರಲೇ ಇಲ್ಲ.

ನಿಲ್ದಾಣ ಬಂತು. ಮೇಲ್ವಿಚಾರಕಿ ಗುರುತು ಹಿಡಿದು, ಖಾಲಿ ಜಾಗ ತೋರಿಸಿ ಕೈಬೀಸಿ ಕರೆದಳು. ಟೈಲರಮ್ಮ ಇಂಡಿಕೇಟರ್ ಹಾಕಿದಳು. ಮತ್ತೆ ಕನ್ನಡಿಯತ್ತ ನೋಡಿದಳು. ಕಾರು ನಿಂತರೆ ಅವನಿಗೆ ಎಚ್ಚರವಾಗುತ್ತದೆ. ಇಂಡಿಕೇಟರ್ ತೆಗೆದು ನೆಟ್ಟಗೆ ಮುಂದಕ್ಕೆ ಹೋದಳು.

ರಸ್ತೆಯುಬ್ಬು ಬಂದಾಗ, ರೇಷ್ಮೆ ಬಟ್ಟೆಯ ಅಂಚು ತಿರುಗಿಸುವಾಗಿನಂತೆ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಹಿಂದಿನ ಸೀಟಿನಲ್ಲಿ ಅವನ ತಲೆ ಮೆಲ್ಲಗೆ ವಾಲಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಬೀದಿ ಬಳಸಿ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಮೇಲ್ವಿಚಾರಕಿ ಸೊಂಟದ ಮೇಲೆ ಕೈಯಿಟ್ಟು ಗೇಟಿನ ಹೊರಗೇ ನಿಂತಿದ್ದಳು.

"ಚಾರ್ಜು ಇಳೀತಿರುತ್ತಲ್ಲಮ್ಮಾ, ಒಳಗೆ ಬರಬಾರ್ದಾ? ನಿಮಗೆ ಪುಕ್ಕಟೆ!"

ಹೌದು, ಎದುರಿನ ಪರದೆಯ ಮೇಲೆ ಅಂಕಿ ಒಂದೊಂದಾಗಿ ಇಳಿಯುತ್ತಲೇ ಇತ್ತು. ಅವಳು ಸದ್ದಿಲ್ಲದೆ, ತುಟಿಯಲ್ಲಷ್ಟೇ, "ಬರ್ತೀನಿ" ಎಂದು, ಇನ್ನೊಂದು ಸುತ್ತಿಗೆ ಕಾರು ತಿರುಗಿಸಿದಳು.