ಖಾಲಿ ಡಬ್ಬಿಯ ಸಿಗ್ನಲ್

ಇಂದುಧರ ಬೆಳಿಗ್ಗೆಯಿಂದ ತನ್ನ ಲಿನಕ್ಸ್ ಲ್ಯಾಪ್‌ಟಾಪಿನ ಜೊತೆ ಗುದ್ದಾಡುತ್ತಿದ್ದ. ವೈಫೈ ಬರುತ್ತಿತ್ತು, ಹೋಗುತ್ತಿತ್ತು. ಅದರ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಪವರ್ ಸೇವಿಂಗ್ ಆಫ್ ಮಾಡಿದ. ಕಮಾಂಡ್ ಕುಟ್ಟಿ ಕುಟ್ಟಿ ಬೆರಳು ಸವೆದವೇ ಹೊರತು ಸಿಗ್ನಲ್ ಒಂದು ಗೆರೆ ದಾಟಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆನ್‌ಲೈನಿನಲ್ಲಿ ಕೆಲಸದ ಸಂದರ್ಶನ ಬೇರೆ.

“ಮೆಷಿನ್ನಿಗೆ ಯಾಕೆ ಬೈತೀರಿ?” ಎಂದಳು ಹೆಂಡತಿ ಶಾಂಭವಿ. “ಪಕ್ಕದ ಮನೆ ಪಂಕಜಮ್ಮನ ಹೋಳಿಗೆ ಡಬ್ಬಿ ವಾಪಸ್ ಕೊಡುವಾಗ ಒಳಗೆ ಏನು ಹಾಕಿದ್ರಿ?”

“ಏನು ಹಾಕೋದು? ತೊಳೆದು ಕೊಟ್ಟೆ.”

ಶಾಂಭವಿ ಹಣೆ ಚಚ್ಚಿಕೊಂಡಳು. ಸಿಗ್ನಲ್ ಮನೆಯಿಂದ ಮನೆಗೆ ದಾಟಿ ಬರುವ ಆ ಊರಿನಲ್ಲಿ, ಮನಸ್ಸಿನೊಳಗೆ ಬೇಜಾರು ಕಟ್ಟಿಕೊಂಡ ಕಡೆ ಅದು ನಿಲ್ಲುತ್ತದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕದೆ ಯಾರಾದರೂ ಡಬ್ಬಿ ಹಿಂದಿರುಗಿಸುತ್ತಾರೆಯೇ?

ಇಂದುಧರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಪಕ್ಕದ ಮನೆಗೆ ಓಡಿದ. “ಅಮ್ಮಾ, ಡಬ್ಬಿ ವಿಷಯದಲ್ಲಿ ಬೇಜಾರಾಯ್ತಾ?”

“ಅಯ್ಯೋ, ನನಗೇನು ಬೇಜಾರಪ್ಪಾ?” ಪಂಕಜಮ್ಮ ನಕ್ಕರು. ಇದ್ದ ಒಂದು ಗೆರೆಯೂ ಆರಿಹೋಯಿತು.

ಅವನಿಗೆ ರೇಗಿಹೋಯಿತು. “ಸುಳ್ಳು ಹೇಳಬೇಡಿ ಅಮ್ಮಾ! ಇಲ್ಲೇ ಕಾಣ್ತಾ ಇದೆ!”

ಪಂಕಜಮ್ಮ ಪರದೆ ನೋಡಿದರು. ನಗು ಮಾಯವಾಯಿತು. “ಹೌದು ಕಣೋ! ಒಲೆ ಮುಂದೆ ಬೆಂದು ಹೋಳಿಗೆ ಮಾಡಿ ಕಳಿಸಿದರೆ, ಖಾಲಿ ಡಬ್ಬಿ ತಂದು ಮುಖಕ್ಕೆ ಹಿಡೀತೀಯಲ್ಲ, ಮಾನ ಮರ್ಯಾದೆ ಇದೆಯೇನೋ ನಿನಗೆ?”

ಒಂದು ಗೆರೆ ಮೂಡಿತು. ಬೈಗುಳ ಏರಿದಂತೆ ಎರಡಾಯಿತು, ಮೂರಾಯಿತು. ಸಂದರ್ಶಕರ ಮುಖ ಪರದೆಯ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಪಂಕಜಮ್ಮ ಉಸಿರೆಳೆದುಕೊಳ್ಳಲು ನಿಂತರು; ಒಂದು ಗೆರೆ ಇಳಿಯಿತು.

“ಹೊಟ್ಟೆಯಲ್ಲಿ ಏನೂ ಇಟ್ಕೋಬೇಡಿ ಅಮ್ಮಾ,” ಇಂದುಧರ ಗೋಗರೆದ, “ಪೂರ್ತಿ ಬೈದುಬಿಡಿ.”